ಮಾಳಿಗೆಗೆ ಹೊಡೆದ ಸುಣ್ಣ

ಮಸ್ಕಿಯ ಹತ್ತಿ ಮಿಲ್ಲಿನ ಗುಮಾಸ್ತ ವೆಂಕೋಬನಿಗೆ ರೇಡಿಯೋ ಕೇಳುವ ಚಟವಿಲ್ಲದಿದ್ದರೆ ಈ ರಾಮಾಯಣವೇ ನಡೆಯುತ್ತಿರಲಿಲ್ಲ.

ಶನಿವಾರ ಸಂಜೆ ರೇಡಿಯೋದಲ್ಲಿ ಯಾರೋ ವಿಜ್ಞಾನಿ ಮಾತಾಡಿದರು. ಭೂಮಿ ವರ್ಷದಿಂದ ವರ್ಷಕ್ಕೆ ಬಿಸಿಯಾಗುತ್ತಿದೆ, ಗಿಡ ಕಡಿದು ಸಿಮೆಂಟು ಸುರಿದುಕೊಂಡ ಊರುಗಳಂತೂ ಇನ್ನೂ ಹೆಚ್ಚು ಕಾಯುತ್ತಿವೆ ಎಂದರು. ಸರ್ಕಾರ ಬಂದು ಗಾಳಿ ಬೀಸೀತೆಂದು ಕೂರದೆ ಊರಿನವರೇ ಗಿಡ ಹಚ್ಚಬೇಕು, ಕೆರೆ ಉಳಿಸಿಕೊಳ್ಳಬೇಕು, ಅದ್ಯಾವುದೂ ಆಗದವರು ಮಾಳಿಗೆಗೆ ಬಿಳಿ ಸುಣ್ಣವನ್ನಾದರೂ ಹೊಡೆಯಬೇಕು, ಆಗ ಬಿಸಿಲು ಬಂದ ದಾರಿಯಲ್ಲೇ ಹಿಂದಕ್ಕೆ ಹೋಗುತ್ತದೆ ಎಂದರು. ಇವರು ತನ್ನ ಮನೆಯನ್ನು ನೋಡಿಯೇ ಹೇಳುತ್ತಿದ್ದಾರೆಂದು ವೆಂಕೋಬನಿಗೆ ಅನಿಸಿತು.

ಅನಿಸಲು ಕಾರಣವಿತ್ತು. ಅಪ್ಪನ ಕಾಲದ ಮಣ್ಣಿನ ಮಾಳಿಗೆ ಕೆಡವಿ, ಅಂಗಳದ ಬೇವಿನ ಗಿಡ ಕಡಿಸಿ, ಓಣಿಯಲ್ಲಿ ಮೊಟ್ಟಮೊದಲು ಸಿಮೆಂಟಿನ ಸ್ಲ್ಯಾಬು ಹಾಕಿಸಿದವನು ಅವನೇ. ಹೊಟ್ಟೆಕಿಚ್ಚಿಗೆ ಉಳಿದವರೂ ಹಾಕಿಸಿದರು. ಈಗ ಬೇಸಿಗೆ ಬಂತೆಂದರೆ ಇಡೀ ಓಣಿ ರೊಟ್ಟಿಯ ಹಂಚಿನಂತೆ ಕಾಯುತ್ತಿತ್ತು. ಈ ಸೆಕೆಯಲ್ಲಿ ತನ್ನ ಕೈಲಾಗದೆಂದು ವೆಂಕೋಬನ ಹೆಂಡತಿ ಆದೆಮ್ಮ ಪ್ರತಿವರ್ಷ ಉಗಾದಿ ಮುಗಿಯುತ್ತಲೇ ತವರೂರು ವಳಕಮದಿನ್ನಿಗೆ ಹೊರಟುಬಿಡುತ್ತಿದ್ದಳು. ಅಲ್ಲಿ ಕಾಲುವೆ, ಭತ್ತದ ಗದ್ದೆ, ತಂಪು ಗಾಳಿ. ಮಳೆ ಬಿದ್ದ ಮೇಲೆಯೇ ಅವಳು ತಿರುಗಿ ಬರುವುದು. ಅಲ್ಲಿಯತನಕ ವೆಂಕೋಬ ತಾನೇ ಬಡಿದ ರೊಟ್ಟಿ ತಿನ್ನಬೇಕು, ಅದನ್ನು ಓಣಿಯ ನಾಯಿಯೂ ಮೂಸಿ ಬಿಡುತ್ತಿತ್ತು. ರೊಟ್ಟಿಯ ಮಾತು ಹಾಗಿರಲಿ, ಹೆಂಡತಿಯಿಲ್ಲದ ಮನೆಯಲ್ಲಿ ಅವನಿಗೆ ಜೀವ ನಿಲ್ಲುತ್ತಿರಲಿಲ್ಲ. ಹೇಗಾದರೂ ಮಾಡಿ ಈ ಸಲ ಅವಳನ್ನು ಬೇಗ ಕರೆತರಬೇಕೆಂದು ನಿಶ್ಚಯಿಸಿದ.

ರವಿವಾರ ಬೆಳಿಗ್ಗೆ ಸುಣ್ಣ ತಂದ. ಸುಣ್ಣ ಗಟ್ಟಿಯಾಗಿ ಹಿಡಿಯಲೆಂದು ಅದಕ್ಕೆ ಬೆರೆಸಲು ಒಂದು ದೊಡ್ಡ ಪೆಂಟೆ ಬೆಲ್ಲವನ್ನೂ ತಂದ. ಏಣಿ ಇಟ್ಟು ಮಾಳಿಗೆ ಹತ್ತಿದ.

ಆ ಸೀಮೆಯಲ್ಲಿ ಮನೆಗೆ ಸುಣ್ಣ ಕಾಣುವುದು ಹಬ್ಬಕ್ಕೆ, ಇಲ್ಲವೇ ಲಗ್ನಕ್ಕೆ. ಉಗಾದಿ ಮುಗಿದು ಹೋಗಿತ್ತು, ದಸರೆ ಇನ್ನೂ ಎಲ್ಲೋ ಇತ್ತು. ಎದುರುಮನೆಯ ತಿಮ್ಮವ್ವ ಕಸಬರಿಗೆ ಹಿಡಿದವಳು ಹಾಗೆಯೇ ನಿಂತು, ಏನು ವಿಶೇಷವೆಂದು ಕೇಳಿದಳು.

ಇಲ್ಲಿ ವೆಂಕೋಬ ಇದ್ದದ್ದನ್ನು ಇದ್ದಂತೆ ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಹಿಂದಿನ ಬೇಸಿಗೆಯಲ್ಲಿ ಅವನು ಟೇಬಲ್ ಫ್ಯಾನು ತಂದು ಹೆಂಡತಿಯನ್ನು ಕರೆಸಿಕೊಂಡಿದ್ದ. ಅವಳು ಬಂದ ದಿನವೇ ಕರೆಂಟು ಹೋಗಿ, ಅವಳು ನಗುತ್ತಾ ಮರುದಿನದ ಬಸ್ಸಿಗೆ ತಿರುಗಿ ಹೋಗಿದ್ದಳು. ಈ ಸಲ ಮನೆ ತಂಪಾದದ್ದು ಖಾತ್ರಿಯಾಗುವವರೆಗೆ ಬಾಯಿ ಬಿಡಬಾರದೆಂದು ಅವನ ಹಟ.

"ಆಮ್ಯಾಲೆ ಗೊತ್ತಾಕ್ಕೈತಿ ಬಿಡವ್ವ," ಎಂದ. ಅಷ್ಟಕ್ಕೇ ಸುಮ್ಮನಾಗದೆ, "ಆದೆಮ್ಮಗ ಮಾತ್ರ ಯಾರೂ ಹೇಳಬ್ಯಾಡ್ರಿ," ಎಂದೂ ಸೇರಿಸಿದ.

ತಿಮ್ಮವ್ವನ ಕೈಯಿಂದ ಕಸಬರಿಗೆ ಬಿತ್ತು. ಹೆಂಡತಿ ತವರಲ್ಲಿದ್ದಾಳೆ, ಗಂಡ ಸುಣ್ಣ ಹೊಡೆಯುತ್ತಿದ್ದಾನೆ, ಪೆಂಟೆಗಟ್ಟಲೆ ಬೆಲ್ಲ ಬಂದಿದೆ, ಹೆಂಡತಿಗೆ ಮಾತ್ರ ತಿಳಿಯಬಾರದು. ಇನ್ನೇನು ಬೇಕು? ಊಟದ ಹೊತ್ತಿಗೆ ವೆಂಕೋಬನ ಎರಡನೆಯ ಲಗ್ನ ಓಣಿಯಲ್ಲಿ ನಿಕ್ಕಿಯಾಗಿತ್ತು. ಹುಡುಗಿ ಗುರುಗುಂಟಾದವಳೆಂದು ಒಬ್ಬರು, ಅಲ್ಲ ಲಿಂಗಸುಗೂರಿನವಳೆಂದು ಇನ್ನೊಬ್ಬರು ವಾದಕ್ಕಿಳಿದಿದ್ದರು.

ಮೈತುಂಬ ಸುಣ್ಣವಾಗಿದ್ದ ವೆಂಕೋಬ ಇಳಿದು ಬಂದು ಜಳಕ ಮಾಡಿದ. ಒಗೆಯುವವಳು ತವರಲ್ಲಿದ್ದುದರಿಂದ ಮನೆಯಲ್ಲಿ ಉಳಿದಿದ್ದ ಮಡಿ ಬಟ್ಟೆ ಒಂದೇ, ಅವನ ಮದುವೆಯ ಜರಿ ಅಂಚಿನ ಧೋತರ. ಅದನ್ನುಟ್ಟು ಕಟ್ಟೆಯ ಮೇಲೆ ಕೂತ. ಬ್ಯಾಂಡಿನವನೊಬ್ಬ ಬಂದು ತಾರೀಖು ಕೇಳಿದಾಗ, ಪಾಪ ಮನೆ ತಪ್ಪಿ ಬಂದಿದ್ದಾನೆಂದು ತಿಳಿದು ಚಹಾ ಕುಡಿಸಿ ಕಳಿಸಿದ. ಚಹಾ ಕೊಟ್ಟನೆಂದರೆ ಬ್ಯಾಂಡು ಗೊತ್ತುಮಾಡಿದಂತೆಯೇ ಎಂದು ಓಣಿ ತೀರ್ಮಾನಿಸಿತು.

ಅಷ್ಟರಲ್ಲಿ ಓಣಿಯ ಅಲ್ಲಾಭಕ್ಷ್ ಈ ಸುದ್ದಿ ಕೇಳಿಸಿಕೊಂಡೇ ಸಿಂಧನೂರಿಗೆ ಟೆಂಪೋ ಹೊಡೆದುಕೊಂಡು ಹೋಗಿದ್ದ. ಅವನು ಒಳ್ಳೆಯ ಮನುಷ್ಯ. ಆದೆಮ್ಮನನ್ನು ತಂಗಿ ಎಂದು ಕರೆಯುತ್ತಿದ್ದವನು. ತಂಗಿಯ ಬಾಳು ಹಾಳಾಗುವುದನ್ನು ನೋಡಲಾರದೆ ಟೆಂಪೋವನ್ನು ನೇರ ವಳಕಮದಿನ್ನಿಗೇ ತಿರುಗಿಸಿದ.

ಇತ್ತ ಹೊತ್ತು ಇಳಿಯುವಾಗ ವೆಂಕೋಬ ಮನೆಯೊಳಗೆ ಅಂಗಾತ ಮಲಗಿ ನೋಡಿದ. ಮೇಲಿನಿಂದ ಬೆಂಕಿ ಸುರಿಯುತ್ತಿರಲಿಲ್ಲ. ನೆಲ ತಣ್ಣಗಿತ್ತು. ಸಂತೋಷದಿಂದ ಅವನಿಗೆ ಕಣ್ಣೀರೇ ಬಂತು. ನಾಳೆಯೇ ಹೋಗಿ ಕರೆತರುತ್ತೇನೆಂದು ಏಳುವಷ್ಟರಲ್ಲಿ ಬಾಗಿಲಲ್ಲಿ ಟೆಂಪೋ ನಿಂತಿತು. ಆದೆಮ್ಮ ಸೆರಗು ಸಿಕ್ಕಿಸಿಕೊಂಡು ಇಳಿದಳು. ಹಿಂದೆ ಅವಳವ್ವ ಗಿರಿಯಮ್ಮ, ಅವರ ಹಿಂದೆ ಇಡೀ ಓಣಿ.

"ಎಲ್ಲಿ ಅದಾಳ್ರೀ ಅಕಿ?" ಎಂದು ಆದೆಮ್ಮ ಕೇಳಿದಳು. ಅವಳ ಕಣ್ಣು ಜರಿ ಧೋತರದ ಮೇಲೆ ನೆಟ್ಟಿತ್ತು.

ಉತ್ತರಕ್ಕೆ ಕಾಯದೆ ಮಂಚದ ಕೆಳಗೆ ಹುಡುಕಿದಳು, ಜೋಳದ ಚೀಲಗಳ ಹಿಂದೆ ಹುಡುಕಿದಳು. ಹುಡುಕುತ್ತಾ ಹುಡುಕುತ್ತಾ ಅವಳ ಮುಖದ ಬೆವರು ಆರಿತು. ಗಿರಿಯಮ್ಮ ಬೈಯುತ್ತಲೇ ನೆಲಕ್ಕೆ ಕೂತವಳು, ಹಾಯೆನಿಸಿ ಅಲ್ಲೇ ಅಡ್ಡಾದಳು. ವೆಂಕೋಬ ತೊದಲುತ್ತಾ ರೇಡಿಯೋದಿಂದ ಬೆಲ್ಲದವರೆಗೆ ಎಲ್ಲವನ್ನೂ ಒಪ್ಪಿಸಿದ. ಓಣಿಯವರು ಒಬ್ಬೊಬ್ಬರಾಗಿ ಒಳಗೆ ಬಂದು ತಂಪನ್ನು ಅನುಭವಿಸಿ, ಜಗಳ ನೋಡಲು ಸಿಗಲಿಲ್ಲವೆಂಬ ಬೇಸರದಲ್ಲಿ ಹೊರಟುಹೋದರು.

"ಇನ್ನ ಬ್ಯಾಸಗಿಗೆ ನೀ ಊರಿಗೆ ಹೋಗೋ ಕೆಲಸಾನ ಇಲ್ಲ ನೋಡು," ಎಂದು ವೆಂಕೋಬ ಹಲ್ಲು ಕಿರಿದ.

ಆದೆಮ್ಮ ತಲೆಯ ಮೇಲೆ ಕೈ ಹೊತ್ತು ಕೂತಳು. ಸವತಿಯ ಸುದ್ದಿ ಕೇಳಿದಾಗಲೂ ಅವಳ ಮುಖ ಇಷ್ಟು ಸಪ್ಪಗಾಗಿರಲಿಲ್ಲ.

"ವರ್ಷವೆಲ್ಲಾ ಈ ಮನ್ಯಾಗ ದುಡೀತೀನಿ. ಹೋಗಿ ನಾಕ ದಿನ ಇದ್ದು ಬಾ ಅಂತ ಒಮ್ಮೆರ ಅಂದೀರೇನ್ರಿ? ಸೆಕಿ ಅಂತ ಒಂದು ನೆಪ ಇತ್ತು, ನಮ್ಮವ್ವನ ಕೈಲೆ ಉಣತಿದ್ದೆ. ಅದನ್ನೂ ಕಸಗೊಂಡ್ರಿ," ಎಂದಳು. ಅವಳು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

ಮರುದಿನ ಬೆಳಿಗ್ಗೆ ಅವನು ಕುರ್ಪಿ ಹಿಡಿದು ಸುಣ್ಣ ಕೆರೆಯಲು ಮಾಳಿಗೆ ಹತ್ತಿದ. ಬೆಲ್ಲ ಬೆರೆಸಿದ ಸುಣ್ಣ ಕಲ್ಲಾಗಿ ಕೂತಿತ್ತು. ಆದೆಮ್ಮ ಕೆಳಗೆ ಏಣಿ ಹಿಡಿದು ನಿಂತಿದ್ದಳು. ಸುತ್ತಲಿನ ಮಾಳಿಗೆಗಳ ಮೇಲೆಲ್ಲ ಜನ. ತಂಪಿನ ರುಚಿ ಕಂಡ ಓಣಿ ನಸುಕಿನಲ್ಲೇ ಎದ್ದು ಸುಣ್ಣ ಕಲಸಿತ್ತು. ಎಲ್ಲರೂ ಹೊಡೆಯುತ್ತಿದ್ದರು, ಇವನೊಬ್ಬ ಕೆರೆಯುತ್ತಿದ್ದ.

ಎದುರು ಮಾಳಿಗೆಯಿಂದ ತಿಮ್ಮವ್ವ ಅವನನ್ನೇ ನೋಡುತ್ತಿದ್ದಳು. ಹೊಡೆದ ಸುಣ್ಣವನ್ನು ಸುಮ್ಮನೆ ಯಾರು ಕೆರೆಯುತ್ತಾರೆ? ಲಗ್ನದ ಸುದ್ದಿ ಖರೆಯೇ ಇರಬೇಕು, ಹೆಂಡತಿ ಬಂದು ಮುರಿದಿರಬೇಕು. ಅವಳ ಕರುಳು ಚುರುಕ್ಕೆಂದಿತು.

"ಹೋಗ್ಲಿ ಬಿಡೋ ವೆಂಕೋಬ, ಮನಸ್ಸಿಗೆ ಹಚ್ಚಿಗೋಬ್ಯಾಡ," ಎಂದು ಓಣಿಗೆಲ್ಲ ಕೇಳುವಂತೆ ಸಮಾಧಾನ ಹೇಳಿದಳು. "ಅಕಿ ಅಲ್ಲಂದ್ರ ಇನ್ನೊಬ್ಬಾಕಿ ಸಿಗ್ತಾಳ."

ವೆಂಕೋಬ ಗಾಬರಿಯಾಗಿ ಕೆಳಗೆ ಬಗ್ಗಿ ನೋಡಿದ. ಆದೆಮ್ಮ ಏಣಿಯನ್ನು ಹೆಗಲಿಗೇರಿಸಿಕೊಂಡು, ಅವ್ವನನ್ನು ಕರೆದುಕೊಂಡು, ಅಲ್ಲಾಭಕ್ಷನ ಟೆಂಪೋದ ಕಡೆ ನಡೆದಿದ್ದಳು. ಬಿಸಿಲು ಆಗಲೇ ಏರುತ್ತಿತ್ತು.