ಮುದ್ದೆಯೊಳಗಿನ ಎರಡು ಹಲ್ಲು

ಬಾಯಲ್ಲಿ ಮೂವತ್ತೆರಡೂ ಇರುವತನಕ ಮನುಷ್ಯ ತಾನು ಮಾತಾಡುವುದು ಬುದ್ಧಿಯಿಂದ ಎಂದೇ ತಿಳಿದಿರುತ್ತಾನೆ. ನಾನೂ ಹಾಗೇ ತಿಳಿದಿದ್ದೆ. ಬಿಳಿಗೆರೆ ಹೋಬಳಿಯ ನಮ್ಮೂರಲ್ಲಿ ಬಿ.ಎ. ಪಾಸು ಮಾಡಿದ ಮೊದಲಿಗ ನಾನು. ಅದನ್ನು ಕೇಳದವರಿಗೂ ಹೇಳುವ ಚಟ ನನಗಿದೆ. ಟಿ. ನರಸೀಪುರದ ಹೈಸ್ಕೂಲಿನಲ್ಲಿ ಚರಿತ್ರೆ ಮೇಷ್ಟ್ರಾದ ಮೇಲಂತೂ ನನ್ನ ಗಂಟಲು ಮೂರು ಕೊಠಡಿ ದಾಟುತ್ತಿತ್ತು. ಸ್ವಲ್ಪ ಸಣ್ಣಗೆ ಯುದ್ಧ ಮಾಡಿ ಎಂದು ಪಕ್ಕದ ಕ್ಲಾಸಿನ ಮೇಷ್ಟ್ರು ಬಂದು ಕೇಳಿಕೊಂಡದ್ದೂ ಉಂಟು.

ಆ ಗಂಟಲಿಗೆಲ್ಲ ಮುಂದಿನ ಎರಡು ಹಲ್ಲೇ ಆಧಾರವಾಗಿದ್ದವೆಂದು ತಿಳಿದದ್ದು ಅವು ಹೋದ ಮೇಲೆ. ಹೋದದ್ದೂ ಜಂಬದಿಂದಲೇ. ರಜೆಯಲ್ಲಿ ಗದ್ದೆಯ ಕಡೆ ಹೋಗಿದ್ದಾಗ ಚಿಕ್ಕಪ್ಪನ ಮಗ ಸಿದ್ದರಾಜು ಕಬ್ಬು ಮುರಿದುಕೊಟ್ಟು, ಕುಡುಗೋಲು ಎತ್ತಿ ತೋರಿಸಿ, "ಕುಡ್ಲಲ್ಲಿ ಸವರ್ಕೊಡ್ಲಾ ಮೇಷ್ಟ್ರೇ?" ಎಂದ. ನನಗಿಂತ ಎರಡೇ ತಿಂಗಳು ಚಿಕ್ಕವನು ನನ್ನನ್ನು ಮೇಷ್ಟ್ರೇ ಎಂದರೆ ಅದು ಮರ್ಯಾದೆಯಲ್ಲ. ಗಿಣ್ಣಿಗೇ ಬಾಯಿ ಹಾಕಿ ಸಿಗಿದೆ. ಕಬ್ಬು ಸಿಗಿಯಲಿಲ್ಲ. ಒಂದು ಹಲ್ಲು ಅಲ್ಲೇ ಉದುರಿತು, ಇನ್ನೊಂದು ನಾಲ್ಕು ದಿನ ಅಲ್ಲಾಡಿ ಅದರ ಹಿಂದೆ ಹೋಯಿತು.

ರಜೆ ಮುಗಿದು ಕ್ಲಾಸಿಗೆ ಹೋದೆ. ಪಾಠ ಶಾತವಾಹನರದ್ದು. ಆ ಹೆಸರನ್ನು ಮುಂದಿನ ಹಲ್ಲಿಲ್ಲದೆ ಒಮ್ಮೆ ಹೇಳಿ ನೋಡಿದರೆ ನನ್ನ ಕಷ್ಟ ತಿಳಿಯುತ್ತದೆ. ಮುಂದಿನ ಬೆಂಚಿನವರು ಮುಖ ಒರೆಸಿಕೊಂಡರು, ಹಿಂದಿನವರು ಡೆಸ್ಕಿನ ಕೆಳಗೆ ತಲೆ ಹಾಕಿ ನಕ್ಕರು. ಅಂದಿನಿಂದ ಮಾತು ಬಿಟ್ಟು ಬೋರ್ಡಿನ ತುಂಬ ನೋಟ್ಸ್ ಬರೆಯತೊಡಗಿದೆ. ಮೂರು ವಾರ ನೋಡಿದ ಹೆಡ್‌ಮಾಸ್ಟರು ಕರೆದು, "ಮಕ್ಕಳು ನಿಮ್ಮ ಬೆನ್ನು ನೋಡ್ಕೊಂಡು ಪರೀಕ್ಷೆ ಬರೆಯೋಕಾಗಲ್ಲ ಕಣ್ರೀ" ಎಂದರು. ಸೋಮವಾರ ತಾವೇ ಬಂದು ಕೂರುವುದಾಗಿಯೂ, ಆಗಲೂ ಬಾಯಿ ಬಿಡದಿದ್ದರೆ ಹತ್ತನೇ ತರಗತಿಯ ಚರಿತ್ರೆಯನ್ನು ಬೇರೆಯವರಿಗೆ ಕೊಡುವುದಾಗಿಯೂ ತಿಳಿಸಿದರು. ನನಗೆ ಇದ್ದ ಆಸ್ತಿಯೆಂದರೆ ಆ ಹತ್ತನೇ ತರಗತಿ ಒಂದೇ.

ಅಷ್ಟರಲ್ಲಾಗಲೇ ನಂಜನಗೂಡಿನ ಹಲ್ಲಿನ ಡಾಕ್ಟರು ನನ್ನ ಬಾಯಿಯ ಅಚ್ಚು ತೆಗೆದುಕೊಂಡಿದ್ದರು. ಹೊರದೇಶದಲ್ಲಿ ದವಡೆಯ ಮೂಳೆಗೇ ತಿರುಪು ಕೂರಿಸಿ ಹಲ್ಲು ನೆಡುತ್ತಾರಂತೆ, ನಮ್ಮ ಕಡೆಗೂ ಒಂದು ದಿನ ಬರುತ್ತದೆ ಎಂದು ಅವರು ಆಸೆಯಿಂದ ಹೇಳಿದರು. ನಾವು ಬೇಸಾಯದವರು, ನೆಟ್ಟು ಕಾಯುವುದು ಗೊತ್ತು. ಆದರೆ ಸೋಮವಾರ ಕಾಯುವುದಿಲ್ಲವಲ್ಲ. ಶನಿವಾರ ಎರಡು ಹಲ್ಲಿದ್ದ ಗುಲಾಬಿ ಬಣ್ಣದ ಪ್ಲೇಟು ಅಂಗುಳಕ್ಕೆ ಒತ್ತಿ ಕೂರಿಸಿದರು. ಸ್ವಲ್ಪ ದಿನ ಮೆತ್ತಗಿರುವುದನ್ನೇ ತಿನ್ನಿ, ನಿಧಾನವಾಗಿ ಅಗಿದು ತಿನ್ನಿ ಎಂದರು. ಮೆತ್ತಗಿರುವುದು ಎಂದರೆ ನಮ್ಮವರಿಗೆ ಮುದ್ದೆಯಲ್ಲದೆ ಇನ್ನೇನು? ಡಾಕ್ಟರು ಅನ್ನ ಉಣ್ಣುವ ಮನೆಯವರು. ಮುದ್ದೆಗೆ ಏನು ಮಾಡಬೇಕೆಂದು ಅವರು ಹೇಳಲಿಲ್ಲ, ನಾನು ಕೇಳಲಿಲ್ಲ.

ಭಾನುವಾರ ಹೊಸ ಹಲ್ಲು ತೋರಿಸಲು ಊರಿಗೆ ಹೋದೆ. ಅವ್ವ ಮುದ್ದೆ, ಉಪ್ಸಾರು ಇಟ್ಟಳು. ನಾನು ಡಾಕ್ಟರ ಮಾತಿನಂತೆ ಅಗಿಯತೊಡಗಿದೆ. ಮುದ್ದೆಯನ್ನು ಮುರಿದು, ಸಾರಲ್ಲಿ ಅದ್ದಿ, ನುಂಗುವುದು ನಮ್ಮ ಪದ್ಧತಿ. ಅಗಿಯುವವನು ಪರಸ್ಥಳದವನು, ಇಲ್ಲವೇ ರೋಗಿ. ಅವ್ವ ಸೌಟು ಕೆಳಗಿಟ್ಟು, "ಯಾಕ್ಲಾ ಮಗ, ಮೈ ಸರಿಗಿಲ್ವಾ?" ಎಂದಳು. ಕಂಬಕ್ಕೆ ಒರಗಿದ್ದ ಸಿದ್ದರಾಜು, "ಓದ್ದೋರು ಅಂಗೇ ಕಣ್ ದೊಡ್ಡವ್ವ, ಎಣಿಸ್ಕಂಡು ಅಗೀತಾರೆ" ಎಂದ.

ಮತ್ತೆ ಅದೇ ಜಂಬ. ನಿಂಬೆಹಣ್ಣಿನ ಗಾತ್ರದ್ದನ್ನು ಬಾಯಿಗೆ ಹಾಕಿಕೊಂಡು ನುಂಗಹೊರಟೆ. ಗಂಟಲ ಹತ್ತಿರ ಬಂದಾಗ ತುತ್ತಿಗೆ ಮೂಲೆಯಿರುವುದು ಗೊತ್ತಾಯಿತು. ಮುದ್ದೆಗೆ ಮೂಲೆಯಿರುವುದಿಲ್ಲ. ಕೆಮ್ಮಿದೆ, ಅವ್ವ ಬೆನ್ನಿಗೆ ಎರಡು ಗುದ್ದಿದಳು. ತಟ್ಟೆಗೆ ಬಿದ್ದ ಮುದ್ದೆಯೊಳಗಿಂದ ನನ್ನವೇ ಎರಡು ಹಲ್ಲು ನನ್ನನ್ನು ನೋಡಿ ನಗುತ್ತಿದ್ದವು.

ಸಿದ್ದರಾಜು ನಕ್ಕು ನಕ್ಕು ಹೊರಗೆ ಹೋದ. ನಾನು ಬಾಯಿಗೆ ಕೈ ಅಡ್ಡ ಹಿಡಿದುಕೊಂಡು, ಇದು ನನ್ನ ಕೈಲಾಗುವುದಲ್ಲ, ನಾಳೆ ಕ್ಲಾಸು ಬಿಟ್ಟುಕೊಡುತ್ತೇನೆ ಎಂದೆ. ಅವ್ವ ಪ್ಲೇಟನ್ನು ತೊಳೆದು, ಸೆರಗಿನಲ್ಲಿ ಒರೆಸಿ, ಬೆಳಕಿಗೆ ಹಿಡಿದು ನೋಡಿದಳು.

"ನನ್ ಬಾಯಲ್ಲಿರಾದು ನಾಕೇ ಅಲ್ಲು. ನಾನು ಎಂದಾರ ಬಾಯ್ ಮುಚ್ಕಂಡಿದ್ನ?"

ಇರಲಿಲ್ಲ. ಅದು ಊರಿಗೇ ಗೊತ್ತು.

"ನಿನ್ನ ಓದ್ಸಿದ್ದು ಅಲ್ಲು ತೋರ್ಸಕ್ಕಲ್ಲ ಕಣಪ್ಪ. ಉಣ್ಣಾಗ ತೆಗ್ದು ಮಡ್ಗು, ಮಾತಾಡಾಗ ಆಕ್ಕೊ."

ಮಧ್ಯಾಹ್ನ ಅವಳು ಅವರೆಕಾಯಿ ಸುಲಿಯುತ್ತಿದ್ದಾಗ ಎದುರು ಕೂತು ಶಾತವಾಹನರ ಪಾಠವನ್ನೆಲ್ಲ ಒಪ್ಪಿಸಿದೆ. ಶಕಾರ ಬಂದಲ್ಲೆಲ್ಲ ಹೊಸ ಹಲ್ಲಿನ ಸಂದಿಯಿಂದ ಸಣ್ಣ ಸಿಳ್ಳೆ ಹೊರಡುತ್ತಿತ್ತು. ಅವ್ವ ಸಿಳ್ಳೆಯ ಸುದ್ದಿಯೇ ಎತ್ತಲಿಲ್ಲ. ಆಮೇಲೇನಾಯ್ತು ಎಂದು ಕೇಳಿದಳು.

ಸೋಮವಾರ ಹೆಡ್‌ಮಾಸ್ಟರು ಹಿಂದಿನ ಬೆಂಚಿನಲ್ಲಿ ಕೂತರು. ಬೋರ್ಡಿನ ಮೇಲಷ್ಟೇ ಮುಗಿಸಿದ್ದ ಶಾತವಾಹನರನ್ನು ಬಾಯಲ್ಲಿ ಮತ್ತೆ ಮೊದಲಿನಿಂದ ಶುರುಮಾಡಿದೆ. ಮೊದಲ ಸಿಳ್ಳೆಗೆ ಒಂದಿಬ್ಬರ ಕೆನ್ನೆ ಉಬ್ಬಿತು. ನಾನು ಕೈ ಅಡ್ಡ ಹಿಡಿಯಲಿಲ್ಲ, ನಿಲ್ಲಿಸಲೂ ಇಲ್ಲ. ಹತ್ತು ನಿಮಿಷಕ್ಕೆ ಕ್ಲಾಸು ನಿಶ್ಶಬ್ದವಾಯಿತು. ಒಬ್ಬ ಹುಡುಗಿ ಎದ್ದು, "ಸಾ, ಆ ರಾಜ್ರ ಎಸ್ರು ಇನ್ನೊಂದ್ ಸಲ ಯೋಳಿ ಸಾ" ಎಂದಳು. ಹೇಳಿದೆ. ಇನ್ನೊಬ್ಬ ಕೇಳಿದ, ಅವನಿಗೂ ಸಿಳ್ಳೆ ಸಮೇತ ಹೇಳಿದೆ. ಮಕ್ಕಳಲ್ಲಿ ಆಸಕ್ತಿ ಹುಟ್ಟಿಸಿದ್ದೀರಿ, ನೀವೇ ಮುಂದುವರಿಸಿ ಎಂದು ಹೆಡ್‌ಮಾಸ್ಟರು ಕೈ ಕುಲುಕಿದರು.

ಸಂಜೆ ಸ್ಟಾಫ್ ರೂಮಿನಲ್ಲಿ ಕೂತು ಎಲ್ಲರ ನೋಟ್‌ಬುಕ್ ತಿದ್ದಿದೆ. ಇನ್ನೊಂದು ಸಲ ಹೇಳಿಸಿದವರೂ ಸೇರಿದಂತೆ ಪ್ರತಿಯೊಬ್ಬರೂ ಶಾತವಾಹನರ ಹೆಸರನ್ನು ಮೊದಲ ಸಾಲಿನಲ್ಲೇ ಒಂದು ತಪ್ಪಿಲ್ಲದೆ ಬರೆದಿದ್ದರು. ನಾನು ಅಷ್ಟಕ್ಕೂ ಪದವೀಧರ, ಅರ್ಥವಾಗದೆ ಇರಲಿಲ್ಲ. ಆದರೂ ಆ ವರ್ಷವೆಲ್ಲ ಯಾರು ಎದ್ದು ಕೇಳಿದರೂ, ಗಂಟಲು ಸರಿಮಾಡಿಕೊಂಡು, ಇನ್ನೊಂದು ಸಲ ಹೇಳಿದೆ.