ತೊಟ್ಟಿ ಸಮೇತ ಮಾವ

ಅವತ್ತಿನ ರಂಪಕ್ಕೆಲ್ಲ ಕಾರಣ ಒಂದು ನಗು. ಅದೂ ಮುಸಿಮುಸಿ ನಗುವಲ್ಲ. ಭಾನುವಾರ ಬೆಳಿಗ್ಗೆ, ವಠಾರದವರೆಲ್ಲ ಮನೆಯಲ್ಲೇ ಇರುವ ಹೊತ್ತಿನಲ್ಲಿ, ಬೀಗ ರಿಪೇರಿಯವನು ಬಾಗಿಲು ಹಾಕಿಕೊಂಡು ಹೊಟ್ಟೆ ಹಿಡಿದುಕೊಂಡು ನಕ್ಕುಬಿಟ್ಟ.

ಬೇರೆ ಯಾರಾದರೂ ನಕ್ಕಿದ್ದರೆ ಯಾರೂ ತಿರುಗಿ ನೋಡುತ್ತಿರಲಿಲ್ಲ. ಆದರೆ ಬೀಗದವನು ನಗುವ ಹಾಗಿರಲಿಲ್ಲ. ಅವನ ಹೆಂಡತಿ ಅವನನ್ನು ಬಿಟ್ಟು ತವರಿಗೆ ಹೋಗಿ ಇನ್ನೂ ವರ್ಷ ತುಂಬಿರಲಿಲ್ಲ. "ನಿಮ್ಮ ಜೊತೆ ಸಂಸಾರ ಮಾಡೋದೂ ಒಂದೇ, ಬೀಗ ಹಾಕಿದ ಮನೆ ಮುಂದೆ ಕೂತಿರೋದೂ ಒಂದೇ" ಎಂದು ಮೆಟ್ಟಿಲ ಮೇಲೆ ನಿಂತು ಎಲ್ಲರಿಗೂ ಕೇಳುವ ಹಾಗೆ ಹೇಳಿಯೇ ಹೋಗಿದ್ದಳು. ಕಂಡವರ ಬೀಗವನ್ನೆಲ್ಲ ತೆಗೆಯುವವನಿಗೆ ತನ್ನ ಬಾಯಿಯ ಬೀಗ ತೆಗೆಯಲು ಬಂದಿರಲಿಲ್ಲ. ಬೀಗದವನಿಗೆ ಬೀಗರೇ ಇಲ್ಲದಂತಾಯಿತು ಎಂದು ವಠಾರ ಸ್ವಲ್ಪ ದಿನ ಆಡಿಕೊಂಡಿತು. ಆಮೇಲೆ ಮರುಕಪಡಲು ಶುರುಮಾಡಿತು. ಆಡಿಕೊಂಡದ್ದನ್ನು ಅವನು ಹೇಗೋ ತಡೆದುಕೊಂಡಿದ್ದ, ಮರುಕವನ್ನು ತಡೆಯಲಾಗಲಿಲ್ಲ.

ಎದುರು ಮನೆಯ ಟೈಲರಮ್ಮ ದಿನವೂ ಊಟದ ಡಬ್ಬಿ ತಂದಿಟ್ಟು, ಅವನು ಮುಗಿಸುವ ತನಕ ಎದುರಿಗೇ ಕೂತು, "ಅವಳಿದ್ದಿದ್ರೆ ಬಿಸಿಬಿಸಿ ಬಡಿಸ್ತಿದ್ಳು, ಅಲ್ವಾ ತಮ್ಮಾ?" ಎಂದು ಕೇಳುತ್ತಿದ್ದಳು. ತುತ್ತು ಅವನ ಗಂಟಲಲ್ಲಿ ಸಿಕ್ಕಿಕೊಂಡರೆ ಅವಳಿಗೆ ಸಮಾಧಾನ. ಮೇಲಿನ ಮನೆಯ ನಿವೃತ್ತ ಹೆಡ್ಮೇಷ್ಟ್ರದ್ದು ಪುಸ್ತಕದ ಚಿಕಿತ್ಸೆ. "ಓದಪ್ಪಾ, ಓದು. ಮನಸ್ಸಿನ ಗಾಯಕ್ಕೆ ಪುಸ್ತಕಕ್ಕಿಂತ ಮುಲಾಮಿಲ್ಲ" ಎಂದು ತಮ್ಮ ಕಪಾಟಿನಿಂದ ಆರಿಸಿ ಆರಿಸಿ ಕೊಡುತ್ತಿದ್ದರು. ಮೊದಲನೆಯ ಪುಸ್ತಕ ಎಲ್ಲವೂ ನಶ್ವರ ಎಂದು ಶುರುವಾಗಿ ಎಲ್ಲವೂ ನಶ್ವರ ಎಂದೇ ಮುಗಿಯಿತು. ನಡುವೆ ಏನಿತ್ತೋ, ಬೀಗದವನಿಗೆ ನಿದ್ದೆ ಬಂದಿತ್ತು. ಎರಡನೆಯದರಲ್ಲಿ ಹೆಂಡತಿ ಸತ್ತ ಕವಿಯೊಬ್ಬ ಹೊಳೆಯ ದಂಡೆಯಲ್ಲಿ ಕೂತು, ಈ ರಟ್ಟಿನಿಂದ ಆ ರಟ್ಟಿನವರೆಗೂ ಅತ್ತಿದ್ದ. ಓದಿ ಬೀಗದವನೂ ಅತ್ತ. ಕೆಂಪಾದ ಕಣ್ಣು ನೋಡಿ ಮೇಷ್ಟ್ರು ಹಿಗ್ಗಿ ಹೀರೇಕಾಯಿಯಾದರು. "ನೋಡಿದ್ಯಾ, ಮದ್ದು ಹತ್ತಿತು!"

ಈ ಮದ್ದು ಬಿಟ್ಟು ಇನ್ನೊಂದು ಮದ್ದು ಅವನಿಗೆ ಸಿಕ್ಕಿದ್ದು ಶನಿವಾರ. ಗ್ರಂಥಾಲಯದ ಕಪಾಟಿನ ಬೀಗ ತುಕ್ಕು ಹಿಡಿದಿದೆ ಎಂದು ಕರೆಸಿದ್ದರು. ಅವನು ಬಾಗಿಲು ತೆರೆದದ್ದೇ ತಡ, ಒಳಗಿಂದ ಒಂದು ದಪ್ಪ ಪುಸ್ತಕ ಜಾರಿ ತಲೆಯ ಮೇಲೆ ಬಿತ್ತು. "ನಿಮ್ಮನ್ನೇ ಕಾಯ್ತಾ ಇತ್ತು ಅನ್ಸುತ್ತೆ, ಒಯ್ದು ಓದಿ. ಜೋಪಾನ, ಇನ್ನೊಂದು ಪ್ರತಿ ಎಲ್ಲೂ ಸಿಗಲ್ಲ" ಎಂದಳು ಗ್ರಂಥಾಲಯದಾಕೆ. ಕಪ್ಪು ರಟ್ಟು ನೋಡಿ, ಇದರಲ್ಲಿ ಇನ್ನಾವ ಕವಿ ಅಳುತ್ತಾನೋ ಎಂದುಕೊಂಡೇ ಅವನು ಭಾನುವಾರ ಬೆಳಿಗ್ಗೆ ಅದನ್ನು ತೆರೆದ.

ಅದರಲ್ಲಿ ಯಾರೂ ಅಳಲಿಲ್ಲ. ಒಬ್ಬ ಸಾಹುಕಾರನ ಹಿತ್ತಾಳೆಯ ಸ್ನಾನದ ತೊಟ್ಟಿಯನ್ನು ಕಳ್ಳರು ಕದ್ದೊಯ್ದಿದ್ದರು. ಒಳಗೆ ಸಾಹುಕಾರನ ಮಾವ ಸ್ನಾನ ಮಾಡುತ್ತಿದ್ದ. ಮಾವನಿಗೆ ಕಿವಿ ಮಂದ, ಕಣ್ಣಲ್ಲಿ ಸೋಪಿನ ನೊರೆ. ತನ್ನನ್ನು ಹೊತ್ತವರು ಆಳುಗಳೇ ಇರಬೇಕು ಎಂದು, "ಲೋ, ಅಲ್ಲಾಡಿಸಿದ್ದು ಸಾಕು, ಬೆನ್ನು ಉಜ್ರೋ" ಎಂದು ಗದರಿಸಿದ. ಆ ಗದರಿಕೆಗೆ ಬೆದರಿ ಕಳ್ಳರ ನಾಯಕ ತೊಟ್ಟಿಯನ್ನು ನಡುರಸ್ತೆಯಲ್ಲಿ ಇಳಿಸಿ ಬೆನ್ನುಜ್ಜಲು ಕೂತ.

ಇಲ್ಲಿ ಬೀಗದವನು ನಕ್ಕದ್ದು. ಎಷ್ಟೋ ತಿಂಗಳಿಂದ ಎದೆಯಲ್ಲಿ ಕಲ್ಲಿನಂತೆ ಕೂತಿದ್ದದ್ದು ಆ ನಗುವಿಗೆ ಸಡಿಲವಾಯಿತು. ಹೆಂಡತಿಯ ನೆನಪೂ ಬಂತು, ಆದರೆ ಚುಚ್ಚಲಿಲ್ಲ. ಅವನು ಪುಟ ತಿರುಗಿಸಿ ಮತ್ತೆ ನಕ್ಕ.

ಎದುರು ಮನೆಯಲ್ಲಿ ಹೊಲಿಗೆ ಯಂತ್ರ ಗಕ್ಕನೆ ನಿಂತಿತು.

"ಮೇಷ್ಟ್ರೇ, ಬೇಗ ಇಳಿದು ಬನ್ನಿ! ತಮ್ಮ ಒಳಗೆ ಅದೇನೋ ಮಾಡ್ತಾ ಇದಾನೆ!" ಟೈಲರಮ್ಮನ ಕೂಗಿಗೆ ಮೇಷ್ಟ್ರು ಒಂದು ಚಪ್ಪಲಿಯಲ್ಲೇ ಇಳಿದು ಬಂದು ಬಾಗಿಲಿಗೆ ಕಿವಿ ಇಟ್ಟರು.

"ಅಳ್ತಾ ಇದಾನೆ, ಅಷ್ಟೇ."

"ಅಳು ನಂಗೆ ಗೊತ್ತಿಲ್ವಾ? ದಿನಾ ಕೇಳ್ತೀನಿ. ಇದು ನಗು!"

"ನಗೋಕೆ ಅವನಿಗೇನಿದೆ?" ಎಂದು ಮೇಷ್ಟ್ರು ಬಾಗಿಲು ಬಡಿದರು.

ಬಾಗಿಲು ತೆಗೆದರೆ ಡಬ್ಬಿ, ಡಬ್ಬಿಯ ಹಿಂದೆ ಸಾಂತ್ವನ, ಅಲ್ಲಿಗೆ ದಿನ ಹೋಯಿತು ಎಂದು ಬೀಗದವನಿಗೆ ಗೊತ್ತಿತ್ತು. ಅತ್ತ ಪುಸ್ತಕದಲ್ಲಿ ಮಾವ ಕಳ್ಳರಿಗೆ ಬಿಸಿನೀರು ತರಲು ಹೇಳುತ್ತಿದ್ದ. ಬೀಗದವನು ಉಸಿರು ಬಿಗಿಹಿಡಿದ. ತಡೆಯಲಾರದೆ ದಿಂಬಿಗೆ ಮುಖ ಒತ್ತಿ ನಕ್ಕ. ಹೊರಗಿನವರಿಗೆ ಕೇಳಿಸಿದ್ದು ಮಾತ್ರ ಯಾರೋ ಯಾರದೋ ಕತ್ತು ಹಿಸುಕುತ್ತಿರುವ ಸದ್ದು.

ಅಷ್ಟರಲ್ಲಿ ಮೂಲೆಮನೆಯ ಕಾಂಪೌಂಡರ್ ಬಂದ. ಡಾಕ್ಟರ ಬಳಿ ಇದ್ದೂ ಇದ್ದೂ, ಡಾಕ್ಟರಿಗೂ ಗೊತ್ತಿಲ್ಲದ್ದು ಅವನಿಗೆ ಗೊತ್ತಿತ್ತು. "ದುಃಖ ತಲೆಗೇರಿದೆ" ಎಂದ ಗಂಭೀರವಾಗಿ. "ಅಳೋವರೆಗೂ ಅಪಾಯ ಇರ್ಲಿಲ್ಲ. ನಗೋಕೆ ಶುರುವಾಯ್ತು ಅಂದ್ರೆ ಕೈ ಮೀರಿತು ಅಂತಾನೇ ಲೆಕ್ಕ. ಬಾಗಿಲು ತೆಗೆಸಿ. ಬೀಗದವನನ್ನ ಕರೀರಿ!"

"ಬೀಗದವನೇ ಒಳಗಿರೋದಲ್ರೀ!" ಎಂದಳು ಟೈಲರಮ್ಮ.

ಕಾಂಪೌಂಡರ್ ಒಂದು ಹಾರೆ ತಂದ. ಅದು ಬೀಗದವನು ಸ್ವಂತ ಕೈಯಿಂದ ಕೂರಿಸಿದ ಬೀಗ. ಮುಟ್ಟಿದರೆ ರೇಷ್ಮೆ, ಮೀಟಿದರೆ ಬಂಡೆ. ಹಾರೆ ಬಾಗಿತು, ಬೀಗ ಅಲುಗಲಿಲ್ಲ. ಮೇಷ್ಟ್ರು ಭುಜ ಕೊಟ್ಟರು. ಬಾಗಿಲು ಹಾಗೇ ಇತ್ತು, ಭುಜ ಜಾಗ ಬಿಟ್ಟಿತು. ಒಳಗೆ ಕೂತವನು ತನ್ನ ಒಂಟಿತನವನ್ನೇನೋ ಸಹಿಸಿದ್ದ, ತನ್ನ ಬೀಗದ ಮೇಲಿನ ದೌರ್ಜನ್ಯವನ್ನು ಸಹಿಸಲಾರದೆ ಹೋದ.

"ಹಾಗಲ್ರೀ, ಹಾಳಾಗುತ್ತೆ!" ಎಂದು ಕಿರುಚಿ ತಾನೇ ಬಾಗಿಲು ತೆರೆದ. ಹಾರೆ ಸಮೇತ ಕಾಂಪೌಂಡರ್ ಅವನ ಮೇಲೇ ಬಿದ್ದ.

"ತಮ್ಮಾ, ಏನಾಯ್ತಪ್ಪಾ?" ಎಂದಳು ಟೈಲರಮ್ಮ ಕಣ್ಣೊರೆಸಿಕೊಳ್ಳುತ್ತಾ.

ತಿಂಗಳುಗಟ್ಟಲೆ ಮಾತಾಡದವನಿಗೆ ಅವತ್ತು ಮಾತು ಉಕ್ಕಿ ಬಂತು. "ಅಕ್ಕಾ, ಮಾವನ್ನ ತೊಟ್ಟಿ ಸಮೇತ ಹೊತ್ಕೊಂಡು ಹೋದ್ರು! ಮೈಮೇಲೆ ಬಟ್ಟೆ ಇಲ್ಲ! ಅವರು ಬೆನ್ನುಜ್ಜು ಅಂತಾರೆ!" ಎಂದು ಮತ್ತೆ ನಗತೊಡಗಿದ.

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇನ್ನು ಅನುಮಾನ ಉಳಿಯಲಿಲ್ಲ. ಟೈಲರಮ್ಮ ಸೀರೆಯ ಫಾಲ್ ತಂದಳು. ಕಾಂಪೌಂಡರ್ ಅದರಲ್ಲಿ ಅವನನ್ನು ಕುರ್ಚಿಗೆ ಬಿಗಿದು ತಲೆಯ ಮೇಲೆ ಒಂದು ಬಿಂದಿಗೆ ತಣ್ಣೀರು ಸುರಿದ. "ಪುಸ್ತಕದಲ್ಲಿ ಕಣ್ರೀ! ಪುಸ್ತಕದ ಮಾವ!" ಎಂದು ಅವನು ಕೂಗುವಾಗಲೆಲ್ಲ ಇನ್ನೊಂದು ಬಿಂದಿಗೆ ಬಿತ್ತು. ಆಮೇಲೆ ಕಾಂಪೌಂಡರ್ ಹೊರಗೆ ಹೋಗಿ ಅವನ ಹೆಂಡತಿಗೆ ಫೋನು ಮಾಡಿದ.

ಮೇಷ್ಟ್ರು ಪುಸ್ತಕವನ್ನು ಜಪ್ತಿ ಮಾಡಿದರು. "ನೊಂದವರು ಓದೋ ಪುಸ್ತಕವೇ ಇದು?" ಎನ್ನುತ್ತಾ ದೋಷ ಹುಡುಕಲು ಒಂದು ಪುಟ ತೆರೆದರು. ನೋಡನೋಡುತ್ತಿದ್ದಂತೆ ಅವರ ಮೀಸೆ ಅದುರಿತು, ಕೆನ್ನೆ ಉಬ್ಬಿತು. "ಕೆಮ್ಮು, ಕೆಮ್ಮು" ಎನ್ನುತ್ತಾ ಪುಸ್ತಕವನ್ನು ಮೇಜಿನ ಮೇಲೆ ಎಸೆದು, ಮೆಟ್ಟಿಲು ಹತ್ತಿ, ತಮ್ಮ ಬಚ್ಚಲಿನ ಬಾಗಿಲು ಹಾಕಿಕೊಂಡು ಬಹಳ ಹೊತ್ತು ಕೆಮ್ಮಿದರು.

ಹೆಂಡತಿ ಬಂದದ್ದು ಸಂಜೆ, ಹೆಗಲಲ್ಲಿ ಒಂದು ಚೀಲ. ಕಟ್ಟಿಹಾಕಿದ, ತೊಯ್ದು ತೊಪ್ಪೆಯಾದ ಗಂಡನನ್ನು ನೋಡಿ ನಿಂತಳು. "ಎಲ್ಲಾರೂ ಸ್ವಲ್ಪ ಹೊರಗಿರಿ" ಎಂದು ಬಾಗಿಲು ಹಾಕಿದಳು. ಕಟ್ಟು ಬಿಚ್ಚಿದಳು. "ಏನ್ರೀ ಇದು?"

ಅವನು ಮೇಜಿನ ಕಡೆ ಬೆರಳು ತೋರಿಸಿದ.

ಅವಳು ಪುಸ್ತಕ ತೆಗೆದು ನಿಂತಲ್ಲೇ ಓದಿದಳು. ಪುಟ ತಿರುಗಿಸುತ್ತಾ ಕುಳಿತಳು. ಒಮ್ಮೆಲೇ ಫಕ್ಕನೆ ನಕ್ಕಳು. "ಬೆನ್ನು ಉಜ್ರೋ ಅಂತಾನಲ್ರೀ!" ಅವನಿಗೂ ನಗು ಬಂತು. "ಮುಂದೆ ಓದು. ಬಿಸಿನೀರು ಕೇಳ್ತಾನೆ" ಎಂದ. ಮದುವೆಯಾದಂದಿನಿಂದ ಅವಳ ಜೊತೆ ಆಡಿದ ಮಾತಿನಲ್ಲಿ ಅದೇ ದೊಡ್ಡದು. ಇಬ್ಬರೂ ಒಂದೇ ಪುಟದ ಮೇಲೆ ಬಗ್ಗಿ, ಭುಜಕ್ಕೆ ಭುಜ ತಾಗಿಸಿ ನಕ್ಕರು.

"ಅಯ್ಯೋ, ಇಬ್ಬರಿಗೂ ಹಿಡೀತು!" ಎಂದಳು ಬಾಗಿಲಾಚೆ ಟೈಲರಮ್ಮ.

"ಅಮ್ಮನ ಮನೇಲಂತೂ ಬರೀ ಗೋಳು" ಎಂದಳು ಹೆಂಡತಿ, ಕಣ್ಣಿನ ನೀರು ಒರೆಸಿಕೊಂಡು. "ಬಂದವರೆಲ್ಲ ಅಳೋ ಪುಸ್ತಕಾನೇ ಕೊಡ್ತಾರೆ. ನಕ್ಕು ಎಷ್ಟು ಕಾಲ ಆಗಿತ್ತೋ."

ಅವಳ ತೋಳು ಅವನ ತೋಳಿಗೆ ಬೆಚ್ಚಗೆ ತಾಗಿತ್ತು. ಕೇಳಬೇಕು, ಈಗಲೇ ಕೇಳಬೇಕು, ಇಲ್ಲೇ ಇರು ಎನ್ನಬೇಕು ಎಂದು ಬೀಗದವನು ಗಂಟಲು ಸರಿಮಾಡಿಕೊಂಡ.

"ಕೊನೇಲಿ ಮಾವ ಏನಾಗ್ತಾನೆ?" ಎಂದಳು ಅವಳೇ.

"ಇನ್ನೂ ಓದಿಲ್ಲ. ನಾವಿಬ್ರೂ..."

"ಸರಿ, ನಾನು ಬಸ್ಸಲ್ಲಿ ಓದ್ಕೋತೀನಿ." ಪುಸ್ತಕ ಚೀಲಕ್ಕೆ ಇಳಿಯಿತು. "ಏನೋ ಆಗೋಯ್ತು ಅಂತ ಹೆದರಿಸಿಬಿಟ್ರು. ಚೆನ್ನಾಗೇ ಇದೀರಲ್ಲ. ಬರ್ತೀನಿ." ಬಾಗಿಲು ತೆಗೆದು, ಕಿವಿ ಇಟ್ಟಿದ್ದವರನ್ನು ದಾಟಿ, ದಡದಡ ಇಳಿದುಹೋದಳು.

ಬೀಗದವನು ಒದ್ದೆ ಬಟ್ಟೆಯಲ್ಲೇ ಹಿಂದೆ ಓಡಿದ. "ಅದನ್ನಾದ್ರೂ ಬಿಟ್ಟು ಹೋಗೇ!" ಬಸ್ಸು ಹೊರಟುಹೋಯಿತು. ಕಿಟಕಿಯಲ್ಲಿ ಅವಳು ಪುಸ್ತಕ ತೆರೆದು ಆಗಲೇ ನಗುತ್ತಿದ್ದಳು.

ಅವನು ವಾಪಸು ಬಂದು ವಠಾರದ ಮೆಟ್ಟಿಲ ಮೇಲೆ ಕುಸಿದು ಕೂತು, ಹಿಂದೆಂದೂ ಅಳದ ಹಾಗೆ ಗಟ್ಟಿಯಾಗಿ ಅತ್ತ.

"ಅತ್ತ!" ಎಂದು ಕಾಂಪೌಂಡರ್ ಕೈಯೆತ್ತಿದ. "ಗಂಡಾಂತರ ಕಳೀತು!"

"ನನ್ ತಮ್ಮ ಮತ್ತೆ ಮನುಷ್ಯನಾದ" ಎಂದು ಟೈಲರಮ್ಮ ಡಬ್ಬಿ ತರಲು ಓಡಿದಳು. ಮೇಷ್ಟ್ರು ಪಟ್ಟಿ ಕಟ್ಟಿದ ಭುಜದಲ್ಲಿ ಬಂದು ತಲೆ ನೇವರಿಸಿದರು. "ಅಳಪ್ಪಾ, ಚೆನ್ನಾಗಿ ಅಳು."

"ಮಾವ..." ಎಂದು ಬಿಕ್ಕಿದ ಬೀಗದವನು. "ಮಾವ ಏನಾದ್ರೋ..."

ಡಬ್ಬಿ ಹಿಡಿದು ಬಂದ ಟೈಲರಮ್ಮ ಅಲ್ಲೇ ಕರಗಿ ನೀರಾದಳು. "ಕೇಳಿದ್ರಾ ಮೇಷ್ಟ್ರೇ? ಹೆಂಡ್ತಿ ಕೈಕೊಟ್ಟು ಹೋದ್ರೂ ಬೆಳಿಗ್ಗೆಯಿಂದ ಮಾವನ್ನೇ ನೆನೀತಾ ಇದಾನೆ. ಇಂಥ ಅಳಿಯ ಎಲ್ಲಿ ಸಿಗ್ತಾನೆ?" ಇದೆಲ್ಲ ಯಾವ ಮಾವ ಎಂದು ಮೇಷ್ಟ್ರಿಗೆ ಚೆನ್ನಾಗಿ ಗೊತ್ತಿತ್ತು. ಹೇಳಿದರೆ ಓದಿದ್ದು ಗೊತ್ತಾಗುತ್ತದೆ. ಅವರು ಸುಮ್ಮನೆ ಕೆಮ್ಮಿದರು.

ಕಾಂಪೌಂಡರ್ ಆಗಲೇ ಫೋನು ಹಿಡಿದು ಪಕ್ಕಕ್ಕೆ ಸರಿದಿದ್ದ. ತಿರುಗಿ ಬಂದಾಗ ಅವನ ಮುಖ ಬೆಳಗುತ್ತಿತ್ತು.

"ಸಮಾಧಾನ ಮಾಡ್ಕೋ. ನಿಮ್ಮ ಮಾವನವರ ಜೊತೆ ಈಗಷ್ಟೇ ಮಾತಾಡ್ದೆ. ಗುಂಡುಕಲ್ಲಿನ ಹಾಗಿದಾರೆ. ಅಳಿಯನಿಗೆ ಇಷ್ಟೊಂದು ಪ್ರೀತಿ ಇದೆ ಅಂತ ಗೊತ್ತೇ ಇರ್ಲಿಲ್ಲ ಅಂತ ಅತ್ತೇಬಿಟ್ರು. ನಾಳೆ ಬೆಳಿಗ್ಗೆ ಹೊರಟು ಬರ್ತಾ ಇದಾರೆ. ನೀನು ಪೂರ್ತಿ ಸುಧಾರಿಸ್ಕೊಳ್ಳೋವರೆಗೂ ಇಲ್ಲೇ, ನಿನ್ನ ಜೊತೇಲೇ ಇರ್ತಾರಂತೆ."