ಬಾಕಿ ಉಳಿದ ಎರಡು ಕಣ್ಣು

ಚಿತ್ರ ಬರೆಯುವವನ ಬಾಗಿಲಿಗೆ ನಗೆಯ ಪ್ರಸಂಗಗಳು ಕರೆಯದಿದ್ದರೂ ಬರುತ್ತವೆ. ಮೂವತ್ತು ವರ್ಷದಿಂದ ಬಸವಕಲ್ಯಾಣದ ಕೋಟೆ ಕಡೆಯ ಒಂದು ಕೋಣೆಯಲ್ಲಿ ಕೂತು ಜನರ ಮುಖ ಬರೆಯುತ್ತಿದ್ದೇನೆ, ಒಂದು ವಾರವೂ ಅವು ತಪ್ಪಿದ್ದಿಲ್ಲ. ಆದರೆ ಚಿತ್ರಕಲೆಯ ತರಬೇತಿಗೆಂದು ಮೂರು ತಿಂಗಳು ಜರ್ಮನಿಗೆ ಹೋಗಿ ಬಂದ ಮೇಲೆ ಒಂದು ವ್ಯತ್ಯಾಸವಾಗಿದೆ. ಮೊದಲು ಎಡವಟ್ಟು ಮಾಡುವವರು ಊರಿನವರು, ನಗುವವನು ನಾನು. ಈಗ ಎಡವಟ್ಟು ನನ್ನದು, ನಗು ಊರಿನವರದು. ಹೇಳುತ್ತೇನೆ, ನೀವೂ ನಗಬಹುದು. ನನಗೆ ಮಾತ್ರ ಇದರಲ್ಲಿ ಕೆಲವು ಕಡೆ ಇನ್ನೂ ನಗಲು ಆಗುವುದಿಲ್ಲ.

೧. ಟೇಲರನ ಕೈಯಲ್ಲಿ ಕೀಲಿಕೈ

ನನ್ನ ಹೆಚ್ಚಿನ ಕೆಲಸ ತೀರಿಕೊಂಡವರ ಚಿತ್ರ. ಮನೆಯವರು ಆಧಾರ್ ಕಾರ್ಡನ್ನೋ ಓಟಿನ ಕಾರ್ಡನ್ನೋ ತರುತ್ತಾರೆ, ಅದನ್ನು ನೋಡಿ ನಾನು ದೊಡ್ಡದಾಗಿ ಬರೆಯುತ್ತೇನೆ. ಇದರಲ್ಲಿ ನನ್ನದೊಂದು ಪದ್ಧತಿ ಇದೆ. ಎಲ್ಲಾ ಬರೆದು ಕಣ್ಣು ಮಾತ್ರ ಖಾಲಿ ಬಿಡುತ್ತೇನೆ. ಮನೆಯವರು ಒಂದು ತೆಂಗಿನಕಾಯಿ ಹಿಡಿದು ಬಂದು ಎದುರಿಗೆ ಕೂಡಬೇಕು. 'ಇಷ್ಟು ದೊಡ್ಡವು ಇದ್ದಿಲ್ರಿ', 'ಸ್ವಲ್ಪ ಕೆಳಗ ನೋಡ್ತಿದ್ರು' ಎಂದು ಅವರು ಹೇಳುತ್ತಾ ಹೋಗುತ್ತಾರೆ, ನಾನು ಬರೆಯುತ್ತಾ ಹೋಗುತ್ತೇನೆ. ಕಣ್ಣು ಮೂಡಿದ ಕೂಡಲೇ ಯಾರಾದರೊಬ್ಬರು ಅಳುತ್ತಾರೆ. ಆಗ ಚಿತ್ರ ಸರಿ ಬಂತು ಎಂದು ಅರ್ಥ.

ನಾನು ಜರ್ಮನಿಗೆ ಹೊರಡುವ ಮುಂಚೆ ಘಾಟಬೋರಾಳದ ಒಬ್ಬ ಅಜ್ಜಿ, ನಮ್ಮ ಕಡೆ ಆಯಿ ಅನ್ನುತ್ತೇವೆ, ತೀರಿಕೊಂಡ ಗಂಡನ ಚಿತ್ರ ಬರೆಸಲು ಬಂದಿದ್ದಳು. ಜೀವಮಾನವೆಲ್ಲ ಕುರಿ ಕಾಯ್ದ ಅಜ್ಜ, ಊರವರ ಬಾಯಲ್ಲಿ ಕುರಿ ಮುತ್ಯಾ. ಇದ್ದದ್ದು ಒಂದೇ ಫೋಟೋ, ಅದರಲ್ಲೂ ಬಿಸಿಲಿಗೆ ಗಟ್ಟಿಯಾಗಿ ಕಣ್ಣು ಮುಚ್ಚಿಕೊಂಡಿದ್ದ. ರುಮಾಲು, ಮೀಸೆ, ಹೆಗಲ ಮೇಲಿನ ಕಂಬಳಿ ಎಲ್ಲಾ ಮುಗಿಸಿ, "ಸೋಮವಾರ ಬಾ ಆಯಿ, ಕೂತು ಕಣ್ಣು ಬರ್ಯೋಣು" ಅಂದೆ. ಆ ಸೋಮವಾರವೇ ವೀಸಾಕ್ಕೆಂದು ಹೈದರಾಬಾದಿಗೆ ಕರೆ ಬಂತು. ಓಡಿದೆ. ಆಯಿಗೆ ಹೇಳಿ ಕಳಿಸುವುದು ನೆನಪೇ ಆಗಲಿಲ್ಲ. ಆಕೆ ಉಡಿಯಲ್ಲಿ ತೆಂಗಿನಕಾಯಿ ಇಟ್ಟುಕೊಂಡು ಊರಿನ ಕೊನೆಯ ಬಸ್ಸಿನ ತನಕ ನನ್ನ ಮೆಟ್ಟಿಲ ಮೇಲೆ ಕೂತಿದ್ದಳಂತೆ. ಅರ್ಧ ತಾಸಿನ ಕೆಲಸ. ಅದನ್ನು ಹಾಗೇ ಬಿಟ್ಟು ಆ ವಾರವೇ ವಿಮಾನ ಹತ್ತಿದೆ.

ಸ್ಟುಡಿಯೋದ ಕೀಲಿಕೈ ಪಕ್ಕದ ಅಂಗಡಿಯ ಟೇಲರನ ಹತ್ತಿರ ಇತ್ತು. ಮೂರು ತಿಂಗಳ ಮೇಲೆ ಬಂದು ಬಾಗಿಲು ತೆಗೆದರೆ, ಚಿತ್ರ ನಿಲ್ಲಿಸುವ ನನ್ನ ಮೂರು ಕಾಲಿನ ಸ್ಟ್ಯಾಂಡಿಗೆ ಹೊಲಿದ ಬ್ಲೌಸುಗಳು ಜೋತಾಡುತ್ತಿದ್ದವು. ಮುತ್ಯಾ ಕಾಣಲಿಲ್ಲ. ಮೂಲೆ ಮೂಲೆ ಹುಡುಕಿದೆ.

"ಏನ್ ಹುಡುಕಾಕತ್ತೀರಿ ಉಸ್ತಾದ್?" ಎಂದು ಟೇಲರ್ ಬಂದ.

"ಕುರಿ ಮುತ್ಯಾ ಎಲ್ಲಿ?"

"ಅವರ ಮಂದಿ ಬಂದು ಒಯ್ದ್ರು. ನೀವು ಜರ್ಮನಿಗಿ ಹೋಗೀರಿ ಅಂತ ಹೇಳ್ದೆ. ವರ್ಷದ ಕಾರ್ಯ ಇತ್ತಂತ, ಫೋಟೋ ಬೇಕೇ ಬೇಕು ಅಂದ್ರು."

"ಅದಕ್ಕ ಕಣ್ಣೇ ಬರ್ದಿದ್ದಿಲ್ಲಲ್ಲೋ."

"ನನಗ ಗೊತ್ತಿಲ್ಲೇನ್ರಿ? ಖಾಲಿ ಕೈಲೆ ಕಳಸೋದು ಹ್ಯಾಂಗಂತ ನನಗೂ ಕೆಟ್ಟ ಅನಿಸ್ತು. ಎರಡು ಕರೀ ಗುಂಡಿ ಹಚ್ಚಿ ಕೊಡ್ಲೇನು ಅಂತ ಕೇಳ್ದೆ. ಬ್ಯಾಡ ಅಂದ್ರು."

೨. ಹೆಡ್‌ಮಾಸ್ತರರ ಅಣ್ಣ

ಮರುದಿನವೇ ಘಾಟಬೋರಾಳಕ್ಕೆ ಹೋಗಿ ಕಣ್ಣು ಬರೆದು ಬರಬೇಕಿತ್ತು. ಹೋಗಲಿಲ್ಲ. ಯಾವ ಮುಖ ಹೊತ್ತು ಹೋಗುವುದು ಎಂಬ ಅಳುಕು. ಅದನ್ನು ಮರೆಯಲು ಹೊಸ ಕೆಲಸ ಹಿಡಿದೆ, ಹೊಸ ಕೆಲಸದಲ್ಲಿ ಹೊಸ ತಪ್ಪು ಮಾಡಿದೆ.

ಮೊದಲೆಲ್ಲ ನಾನು ಗಿರಾಕಿಯ ವಯಸ್ಸಿನಲ್ಲಿ ಹತ್ತು ವರ್ಷ ಇಳಿಸಿ, ಬಣ್ಣದಲ್ಲಿ ಒಂದು ಕೈ ಹೆಚ್ಚಿಗೆ ಬೆಳ್ಳಗೆ ಬರೆಯುತ್ತಿದ್ದೆ. ಎಲ್ಲರೂ ಸುಖವಾಗಿದ್ದರು. ಜರ್ಮನಿಯಲ್ಲಿ ನಮಗೆ ಕಲಿಸಿದಾತ ದಿನಾ ಒಂದೇ ಮಾತು ಹೇಳುತ್ತಿದ್ದ: ಕಂಡದ್ದನ್ನು ಬರೆ, ಮೆಚ್ಚಿಸಲು ಬರೆಯಬೇಡ. ಈ ಮಾತು ನನ್ನ ತಲೆಗೆ ಚೆನ್ನಾಗಿ ಏರಿತ್ತು. ಇಳಿಯುವ ಮೊದಲೇ ಹುಮನಾಬಾದಿನ ನಿವೃತ್ತ ಹೆಡ್‌ಮಾಸ್ತರರೊಬ್ಬರು ಬಂದು ನನ್ನೆದುರು ಕುರ್ಚಿಯಲ್ಲಿ ಕೂತರು. ಬದುಕಿರುವ ಗಿರಾಕಿ ನನಗೆ ಸಿಗುವುದೇ ಅಪರೂಪ. ಖುಷಿಯಿಂದ, ಕಂಡದ್ದನ್ನೆಲ್ಲ ಬರೆದೆ. ಜೋತ ಗಲ್ಲ, ಬಣ್ಣ ಹಚ್ಚಿದ ಕೂದಲಿನ ಬುಡದಲ್ಲಿ ಇಣುಕುವ ಬಿಳಿ, ಯಾವುದನ್ನೂ ಬಿಡಲಿಲ್ಲ.

ಅವರು ಎದ್ದು ಬಂದು ಚಿತ್ರದ ಹತ್ತಿರ ಬಗ್ಗಿದರು.

"ಕಿವಿಯಾಗಿನ ಕೂದಲಾ ಎಣಿಸಿ ಬರ್ದೀರೇನ್ರಿ?"

"ಕಂಡಷ್ಟು ಬರ್ದೀನ್ರಿ ಸರ್."

ದುಡ್ಡು ಕೊಟ್ಟು ಕಟ್ಟಿಸಿಕೊಂಡು ಹೋದರು. ಸತ್ಯ ಗೆದ್ದಿತು ಎಂದುಕೊಂಡೆ. ತಿಂಗಳ ಮೇಲೆ ಹುಮನಾಬಾದಿನಲ್ಲಿ ಅವರ ಮನೆ ಮುಂದೆ ಹೋಗುವಾಗ ಕರೆದು ಚಹಾ ಕೊಟ್ಟರು. ಪಡಸಾಲೆಯಲ್ಲೇ ನನ್ನ ಚಿತ್ರ ಇತ್ತು, ಅದಕ್ಕೊಂದು ಹೂವೂ ಏರಿಸಿದ್ದರು. ಅಲ್ಲೇ ಕೂತಿದ್ದ ಇನ್ನೊಬ್ಬ ಅತಿಥಿ, "ಇವರು ಯಾರ್ರಿ?" ಎಂದು ಕೇಳಿದರು.

ಹೆಡ್‌ಮಾಸ್ತರರು ನನ್ನ ಕಡೆ ನೋಡದೆ, "ನಮ್ಮ ಅಣ್ಣಾವ್ರು. ಹೋಗಿಬಿಟ್ರು, ಪಾಪ" ಅಂದರು.

ಅಲ್ಲಿಂದ ಎದ್ದು ಬರುವಾಗ ನನಗೆ ನಿಜಕ್ಕೂ ಬೇಸರವಾಯಿತು. ಮೂವತ್ತು ವರ್ಷ ಸತ್ತವರನ್ನು ಬದುಕಿದ್ದ ಹಾಗೆ ಬರೆದು ಅನ್ನ ತಿಂದವನು, ಮೊದಲ ಸಲ ಬದುಕಿದ್ದವರನ್ನು ಕೊಂದಿದ್ದೆ. ಇನ್ನೊಂದು ಮಾತು, ಅವರ ಮನೆಯಲ್ಲಿ ಹಿರಿಯ ಮಗ ಅವರೇ.

೩. ಸಕುಟುಂಬ ಬನ್ನಿ

ಜರ್ಮನಿಯಲ್ಲಿ ಇನ್ನೊಂದು ರೂಢಿ ನೋಡಿದ್ದೆ. ಒಂದು ಭಾನುವಾರ ಚಿತ್ರಕಾರರೆಲ್ಲ ತಮ್ಮ ಸ್ಟುಡಿಯೋದ ಬಾಗಿಲು ತೆರೆದಿಡುತ್ತಾರೆ. ಜನ ಸುಮ್ಮನೆ ಬರುತ್ತಾರೆ, ಚಿತ್ರ ನೋಡುತ್ತಾರೆ, ಹೋಗುತ್ತಾರೆ. ನಮ್ಮ ಊರಲ್ಲೂ ಹೀಗೆ ಮಾಡೋಣ ಅನಿಸಿತು. ಕಾರ್ಡು ಅಚ್ಚು ಹಾಕಿಸಿದೆ: 'ಭಾನುವಾರ ನಮ್ಮ ಸ್ಟುಡಿಯೋ ಎಲ್ಲರಿಗೂ ತೆರೆದಿರುತ್ತದೆ. ಸಕುಟುಂಬ ಬನ್ನಿ.'

ಹೆಂಡತಿ ಕಾರ್ಡು ಓದಿ, "ಊಟಕ್ಕೇನು ಮಾಡಸ್ತೀರಿ?" ಎಂದು ಕೇಳಿದಳು.

"ಊಟ ಯಾಕ? ಅಲ್ಲಿ ನೀರೂ ಕೊಡಲ್ಲ."

"ಕಾರ್ಡ್ ಹಂಚಿ, ಸಕುಟುಂಬ ಅಂತ ಬರ್ಸಿ, ಊಟ ಇಲ್ಲಂದ್ರ ಮಂದಿ ಏನಂತಾರ?"

ನಾನು ನಕ್ಕೆ. ಭಾನುವಾರ ಜನ ಬಂದರು, ಸಕುಟುಂಬವೇ ಬಂದರು. ಯಾರೂ ಬರಿಗೈಯಲ್ಲಿ ಬರಲಿಲ್ಲ. ಎಲ್ಲರೂ ಆಯೇರಿ, ಅಂದರೆ ಕಾರ್ಯದ ಮನೆಯ ಉಡುಗೊರೆ, ತಂದಿದ್ದರು. ನನಗೆ ಟೊಪ್ಪಿಗೆ, ಟವೆಲ್ಲು, ಹೆಂಡತಿಗೆ ಕುಬಸದ ಕಣ. ಮದುವೆಮನೆಯಲ್ಲಿ ಮಾಡುವ ಹಾಗೆ ನನ್ನನ್ನು ನಿಲ್ಲಿಸಿ ಟೊಪ್ಪಿಗೆ ತೊಡಿಸಿದರು. ಗೋಡೆಯ ಚಿತ್ರಗಳ ಕಡೆ ಒಮ್ಮೆ ಕಣ್ಣಾಡಿಸಿ, ಅದೇ ಗೋಡೆಗೆ ಬೆನ್ನು ಕೊಟ್ಟು ಸಾಲಾಗಿ ಪಂಕ್ತಿಗೆ ಕೂತರು. ಅರ್ಧ ತಾಸಾದರೂ ಯಾರೂ ಏಳಲಿಲ್ಲ. ಹೆಂಡತಿ ಮೂಲೆಯಿಂದ ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ. ಕೊನೆಗೆ ಹೋಟೆಲಿನಿಂದ ಮಂಡಕ್ಕಿಯ ಸುಸಲಾ, ಮಿರ್ಚಿ ಭಜಿ ತರಿಸಿದೆ. ತಲೆಯ ಮೇಲೆ ಒಂದರ ಮೇಲೊಂದು ಮೂರು ಟೊಪ್ಪಿಗೆ ಇಟ್ಟುಕೊಂಡು ನಾನೇ ಬಡಿಸಿದೆ.

ಆ ಸಾಲಿನಲ್ಲಿ ಘಾಟಬೋರಾಳದ ರೈತರೊಬ್ಬರಿದ್ದರು. ಭಜಿ ತಿನ್ನುತ್ತಾ ಹೇಳಿದರು: "ನೀವು ಬರ್ದ ಕುರಿ ಮುತ್ಯಾನ ಫೋಟೋ ನೋಡೀನ್ರಿ. ಭಾರೀ ಸ್ಟೈಲ್ ಕಾಣ್ತಾನ. ಅಂವಂದು ಕಣ್ಣಿನ ಆಪರೇಷನ್ ಯಾವಾಗ ಆಗಿತ್ರಿ?"

ನಾನು ಬರೆಯದ ಕಣ್ಣಿಗೆ ಆಪರೇಷನ್ ಮಾಡಿದವರು ಯಾರು? ಕೇಳಲು ಧೈರ್ಯ ಸಾಲದೆ ಮುಂದಿನವರಿಗೆ ಬಡಿಸಿದೆ.

ಅಂದು ಬಂದ ಟವೆಲ್ಲುಗಳು ಒಂದು ಟ್ರಂಕ್ ತುಂಬ ಇವೆ. ಕುಂಚ ಒರೆಸಲು ಒಂದು ಕೊಡು ಅಂದರೆ ಹೆಂಡತಿ ಕೊಡುವುದಿಲ್ಲ. ಅವರವರ ಮನೆಯ ಕಾರ್ಯಕ್ಕೆ ತಿರುಗಿ ಆಯೇರಿ ಮಾಡಬೇಕಂತೆ.

೪. ಬೇಮಳಖೇಡದ ಬಸ್ಸು

ಚಿತ್ರಕ್ಕೆ ಕಟ್ಟು ಹಾಕುವ ಪಟ್ಟಿ ತರಲು ಒಂದು ದಿನ ಹುಮನಾಬಾದಿಗೆ ಹೋಗಿದ್ದೆ. ಬಸ್‌ಸ್ಟ್ಯಾಂಡಿನಲ್ಲಿ ನೋಡಿದರೆ ಎದುರಿನಿಂದ ಆ ಆಯಿ ಬರುತ್ತಿದ್ದಾಳೆ. ಜರ್ಮನಿಯ ತನಕ ಹೋಗಿ ಬಂದ ಗಂಡಸು ನಾನು, ಮುಖ ತಪ್ಪಿಸಿಕೊಂಡು ಹತ್ತಿರ ನಿಂತಿದ್ದ ಬಸ್ಸು ಹತ್ತಿ ಕಿಟಕಿಯ ಕಡೆ ತಿರುಗಿ ಕೂತೆ. ಆಯಿ ಬರುತ್ತಿದ್ದದ್ದೂ ಅದೇ ಬಸ್ಸಿಗೆ. ಬಂದು ಪಕ್ಕದಲ್ಲೇ ಕೂತಳು.

"ಯಪ್ಪಾ, ನೀವೇನ್ರಿ? ಆರಾಮ ಅದೀರಾ?"

"ಅದೀನಿ ಆಯಿ."

"ಆವತ್ತ ಬಂದಿದ್ದೆ, ನೀವಿದ್ದಿಲ್ಲ. ಮಾತಿಗಿ ತಪ್ಪೋ ಮನಷ್ಯಾ ಅಲ್ಲ, ಏನರೆ ಜಡ್ಡು ಬಿದ್ದಾರೋ ಏನೋ ಅಂತ ನನಗ ಚಿಂತಿ ಹತ್ತಿತ್ತು. ಫೋಟೋಕ್ಕ ತಂದಿದ್ದ ಕಾಯಿ ಹಣಮಂದೇವರ ಗುಡ್ಯಾಗ ನಿಮ್ಮ ಹೆಸರಿಲೆ ಒಡಿಸಿ ಹೋದೆ."

ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ನಾನು ತಲೆ ಎತ್ತಲಿಲ್ಲ. ಅಷ್ಟರಲ್ಲಿ ಬಸ್ಸು ಹೊರಟು ಕಂಡಕ್ಟರ್ ಬಂದು, "ಎಲ್ಲಿಗ್ರಿ?" ಎಂದ.

"ಈ ಬಸ್ ಎಲ್ಲಿಗಿ ಹೋಗ್ತದ್ರಿ?"

ಕಂಡಕ್ಟರ್ ನನ್ನನ್ನು ಮೇಲಿಂದ ಕೆಳಗೆ ನೋಡಿದ. ಬೇಮಳಖೇಡದಲ್ಲಿ ಮಗಳ ಮನೆಗೆ ಹೊರಟಿದ್ದ ಆಯಿ ನನ್ನ ಪರವಾಗಿ ಮಾತಾಡಿದಳು: "ಅವರು ದೂರ ದೇಶದಿಂದ ಬಂದಾರ, ಅವರಿಗಿ ತಿಳಿಯಲ್ಲ. ನನಗ ಕೊಟ್ಟಾಂಗ ಅವರಿಗೂ ಬೇಮಳಖೇಡಕ್ಕ ಒಂದು ಫ್ರೀ ಟಿಕೆಟ್ ಕೊಡ್ರಿ."

"ಫ್ರೀ ಹೆಣ್ಮಕ್ಕಳಿಗಷ್ಟ ಆಯಿ."

"ಹಂಗಂದ್ರ ನನ್ನ ತಂಗಿ ಅಂತ ಬರ್ಕೋರಿ."

ಬಸ್ಸೆಲ್ಲ ನಕ್ಕಿತು. ಟಿಕೆಟ್ ತೆಗೆಸಿಕೊಂಡೆ. ಕಾರಣವಿಲ್ಲದೆ ಬೇಮಳಖೇಡದ ತನಕ ಹೋಗಿ ಬಂದೆ. ಇಳಿಯುವಾಗ, "ಬರೋ ಐತವಾರ ನಿಮ್ಮ ಮನಿಗೇ ಬಂದು ಕಣ್ಣು ಬರೀತೀನಿ ಆಯಿ" ಅಂದೆ. ಸೋಮವಾರ ಎನ್ನಲು ನಾಲಿಗೆ ಏಳಲಿಲ್ಲ.

೫. ಮುತ್ಯಾನ ಎದುರಿಗೆ

ಈ ಸಲ ಹೋದೆ. ಹುಮನಾಬಾದಿನಿಂದ ಟಂಟಂ ಆಟೋ ಹಿಡಿದು, ತೊಡೆಯ ಮೇಲೆ ಬಣ್ಣದ ಪೆಟ್ಟಿಗೆ ಇಟ್ಟುಕೊಂಡು ಘಾಟಬೋರಾಳದಲ್ಲಿ ಇಳಿದೆ. ಆಯಿಯ ಮನೆಯ ಒಳಗೆ ಕಾಲಿಟ್ಟರೆ ಎದುರು ಗೋಡೆಯ ಮೇಲೆ ಮುತ್ಯಾ. ನಾನು ಬರೆದ ರುಮಾಲು, ನಾನು ಬರೆದ ಮೀಸೆ, ನಾನು ಬರೆದ ಕಂಬಳಿ. ಇವುಗಳ ನಡುವೆ, ನಾನು ಬರೆಯದ ದೊಡ್ಡ ಕಪ್ಪು ಕೂಲಿಂಗ್ ಗ್ಲಾಸು.

"ಕಣ್ಣಿಲ್ಲದ ಫೋಟೋ ನೋಡಿ ಮಮ್ಮಕ್ಕಳು ಅಂಜಿ ಅಳ್ಳಾಕತ್ವು" ಎಂದು ಆಯಿ ವಿವರಿಸಿದಳು. "ಹುಮನಾಬಾದದಾಗ ಗಾಡಿ ನಂಬರ್ ಬರಿಯಾಂವನ ಬಲ್ಲಿ ಒಯ್ದ್ವಿ. ಕಣ್ಣು ನನಗ ಬರಲ್ಲ, ಕರೀ ಬಣ್ಣ ಬೇಕಾದಷ್ಟು ಅದಾ ಅಂದ. ಊರ ಮಂದಿ ಎಲ್ಲಾ ಆಪರೇಷನ್ ಆಗ್ಯಾದ ಅಂತ ತಿಳಕೊಂಡಾರ."

ಗಾಜಿನ ಮೇಲೆ ಬೆಳಕು ಹೊಳೆಯುವ ಹಾಗೆ ಅವನು ಒಂದು ಬಿಳಿ ಗೆರೆಯನ್ನೂ ಎಳೆದಿದ್ದ. ಕೈ ಚೆನ್ನಾಗಿತ್ತು, ಒಪ್ಪಬೇಕು. ಆದರೆ ಜನ್ಮದಲ್ಲೇ ಕನ್ನಡಕ ಕಾಣದ ಮನುಷ್ಯ ನನ್ನ ಅವಸರದ ದೆಸೆಯಿಂದ ತನ್ನದೇ ಮನೆಯಲ್ಲಿ ವೇಷ ಹಾಕಿ ನಿಂತಿದ್ದ. ನೋಡಲಾಗಲಿಲ್ಲ. ಚಿತ್ರ ಇಳಿಸಿ ಹಗ್ಗದ ಮಂಚದ ಮೇಲೆ ಇಟ್ಟೆ. ಬಣ್ಣ ಅಳಿಸುವ ಎಣ್ಣೆಯಲ್ಲಿ ಬಟ್ಟೆ ಅದ್ದಿಕೊಂಡು ಆಯಿಯನ್ನು ಎದುರಿಗೆ ಕೂಡಿಸಿಕೊಂಡೆ.

"ಹೇಳು ಆಯಿ. ಮುತ್ಯಾನ ಕಣ್ಣು ಹ್ಯಾಂಗಿದ್ವು? ದೊಡ್ಡವಾ, ಸಣ್ಣವಾ?"

ಆಯಿ ಚಿತ್ರದ ಕಡೆ ನೋಡಿದಳು. "ಯಾರಿಗಿ ಗೊತ್ತು?" ಅಂದಳು.

"ಹಂಗಂದ್ರ?"

"ನಮ್ಮ ಕಾಲದಾಗ ಗಂಡನ ಮಾರಿ ಯಾರು ನೋಡ್ತಿದ್ರು ಯಪ್ಪಾ? ಅಂವ ಮುಂದ ಬಂದ್ರ ಸೆರಗು ಎಳ್ಕೊಂಡು ನೆಲಾ ನೋಡ್ತಿದ್ದೆ. ಅಂವನ ಕಾಲು ಕೇಳ್ರಿ, ಹೇಳ್ತೀನಿ. ಎಡಗಾಲ ಕಿರಿಬೆರಳು ಸೊಟ್ಟ ಇತ್ತು. ಹಿಮ್ಮಡದಾಗ ಮೂರು ಬಿರಕು ಇದ್ವು."

ಬಾಗಿಲಲ್ಲಿ ನಿಂತಿದ್ದ ಮಗನ ಕಡೆ ತಿರುಗಿದೆ. "ಅಪ್ಪನ ಮುಂದ ನಾ ತಲಿ ಎತ್ತೀನೇನ್ರಿ?" ಎಂದು ಅವನೂ ಕೈ ಚೆಲ್ಲಿದ.

"ಹಂಗಾದ್ರ ಅಂವನ ಕಣ್ಣು ಯಾರಿಗಿ ಗೊತ್ತದ ಆಯಿ?"

"ಕುರಿಗಿ ಗೊತ್ತದ. ದಿನಾ ಅವನ್ನೇ ನೋಡ್ತಿದ್ದ. ಹಿತ್ತಲದಾಗ ಅವ, ಕೇಳಿ ಬರ್ರಿ."

ಮನೆಯವರೆಲ್ಲ ನಕ್ಕರು. ನನಗೂ ನಗು ತಡೆಯಲಾಗಲಿಲ್ಲ, ಕಣ್ಣಲ್ಲಿ ನೀರೂ ಬಂತು. ಆ ಸೋಮವಾರ ನಾನು ಊರಲ್ಲೇ ಇದ್ದಿದ್ದರೂ ಬರೆಯಲು ಕಣ್ಣು ಸಿಗುತ್ತಿರಲಿಲ್ಲ ಎಂಬುದು ಆಗ ಹೊಳೆಯಿತು. ಅದರಿಂದ ಸಮಾಧಾನವಾಗಲಿಲ್ಲ, ಇನ್ನಷ್ಟು ಸಂಕಟವೇ ಆಯಿತು. ಇರಲಿ, ಅಂದಾಜಿನ ಮೇಲೆ ಒಂದು ಜೊತೆ ಒಳ್ಳೆಯ ಕಣ್ಣು ಬರೆದುಕೊಡುತ್ತೇನೆ ಎಂದು ಬಟ್ಟೆಯನ್ನು ಕನ್ನಡಕದ ಹತ್ತಿರ ಒಯ್ದೆ. ಆಯಿ ನನ್ನ ಮುಂಗೈ ಹಿಡಿದಳು.

"ಬ್ಯಾಡ ಯಪ್ಪಾ, ಅದು ಇರ್ಲಿ. ಈಗ ದಿನಾ ಮುಂಜಾನಿ ಚಹಾ ಹಿಡ್ಕೊಂಡು ಅಂವನ ಮುಂದ ಕೂಡ್ತೀನಿ. ಮಾರಿ ತುಂಬ ನೋಡ್ತೀನಿ. ಮೀಸಿ ಇಷ್ಟು ಚಂದ ಇದ್ವು ಅಂತ ನನಗ ಈಗ ಗೊತ್ತಾಗ್ಯಾದ. ನೀವು ಕಣ್ಣು ಬರದ್ರಿ ಅಂದ್ರ, ನಾ ಮತ್ತ ನೆಲಾ ನೋಡಬೇಕಾಗ್ತದ."